ಚಪ್ಪರದ ಸಂದಿಯ ಚಿಕ್ಕಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನ್ಯೂಯಾರ್ಕಿಗೆ ಎದುರಾಗಿ ಹಡ್ಸನ್ ನದಿಯ ಈಚೆ ದಡದಲ್ಲಿರುವ ಹೊಬೋಕನ್ ಊರಿನಲ್ಲಿ, ಹಳೆಯ ಇಟ್ಟಿಗೆ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಐವತ್ತು ದಾಟಿದ ಒಬ್ಬ ಗದಗಿನ ಮನುಷ್ಯ ಗಾಜು ಒರೆಸುತ್ತಿದ್ದಾರೆ. ಹೆಸರು ಅಮರೇಶ್ವರ ಚಿತ್ರಗಾರ. ಊಟದ ಮೇಜಿನಷ್ಟು ಅಗಲದ ಗಾಜು, ಅದರ ಕೆಳಗೆ ಉರಿಯುವ ಟ್ಯೂಬ್‌ಲೈಟು. ಒರೆಸಿ ಮುಗಿಯಿತು ಅಂದುಕೊಂಡರೆ ಮತ್ತೆ ಒರೆಸುತ್ತಾರೆ. ಬಗ್ಗಿ, ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದು, ಓರೆಯಾಗಿ ನೋಡಿ, ನನಗೆ ಕಾಣದ ಧೂಳನ್ನು ಬಯ್ಯುತ್ತಾರೆ. ಬೈಗುಳ ಅಚ್ಚ ಗದಗಿನದು, ಭಾನುವಾರದ ಪುರವಣಿಯಲ್ಲಿ ಬರೆಯುವ ಹಾಗಿಲ್ಲ.

"ಏಳು ಹೊಡೀತಂದ್ರ ಕೆಳಗ ಟ್ರಕ್ ಓಡಾಡಾಕ ಶುರು ಮಾಡ್ತಾವ್ರಿ ಅಕ್ಕಾರ. ಧೂಳು ಮ್ಯಾಲೆ ಬರತೈತಿ. ಅಷ್ಟರಾಗ ನಾಜೂಕಿನ ಕೆಲಸ ಮುಗಿಸಿಬಿಡಬೇಕು," ಎನ್ನುತ್ತಾರೆ. ಹೇಳುವಾಗ ದನಿ ಒಡೆಯುತ್ತದೆ. ನೆಗಡಿಯೇ ಎಂದು ಕೇಳುತ್ತೇನೆ. ನೆಗಡಿ ಅಲ್ಲವಂತೆ. ಶುಕ್ರವಾರ ಸಂಜೆ ಕೆಲಸ ಬಿಟ್ಟ ಮೇಲೆ ಯಾರ ಜೊತೆಗೂ ಬಾಯಿ ಬಿಟ್ಟಿಲ್ಲವಂತೆ. ಇವತ್ತು ಸೋಮವಾರ.

ಈ ಗಾಜಿನ ಮೇಜಿನ ಮುಂದಿನ ಸ್ಟೂಲಿನಲ್ಲಿ ಅವರು ಕೂತು ಹಲವು ವರ್ಷಗಳಾಗಿವೆ. ನಾಳೆಯೂ ಕೂರುತ್ತಾರೋ ಇಲ್ಲವೋ ಎಂಬುದು ಇವತ್ತು ತೀರ್ಮಾನವಾಗಲಿದೆ. ಹತ್ತು ಗಂಟೆಗೆ ಒಬ್ಬ ಮುದುಕಿ ಬರುತ್ತಾರೆ. ಅವರು ಬರೆದ ಮಕ್ಕಳ ಪುಸ್ತಕವೊಂದನ್ನು ಅಮರೇಶ್ವರರು ಕೆಡಿಸಿದ್ದಾರೆ. ಕೆಡಿಸಿದ್ದು ಸೋಮಾರಿತನದಿಂದ ಅಲ್ಲ, ಅತಿ ಶ್ರದ್ಧೆಯಿಂದ. ಮಾಲೀಕ ಸ್ಯಾಂಡ್ಲರ್ ಶುಕ್ರವಾರ ಹೇಳಿದ್ದು ಇಷ್ಟೇ: ಆಕೆ ಬಂದು ನೋಡಲಿ, ಆಮೇಲೆ ನಾವಿಬ್ಬರೂ ಮಾತಾಡೋಣ. ಆ "ಮಾತಾಡೋಣ"ದ ಅರ್ಥ ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಇವರನ್ನು ಕಂಡದ್ದು ಹೇಗೆಂದು ಹೇಳಿಬಿಡುತ್ತೇನೆ. ನ್ಯೂಯಾರ್ಕಿನ ಹತ್ತಿರದ ಜೆರಿಕೋ ಊರಿನಲ್ಲಿ ನನ್ನ ತಂಗಿ ಅಲಮೇಲು ಇದ್ದಾಳೆ. ಅವಳ ಗಂಡ ಗುರುರಾಜ ನನಗೆ ಅಮೆರಿಕ ತೋರಿಸುತ್ತೇನೆಂದು ಹಟ ತೊಟ್ಟು ಒಂದು ತಿಂಗಳು ಎತ್ತರದ ಕಟ್ಟಡಗಳನ್ನು ತೋರಿಸಿದರು. ಕತ್ತು ನೋವು ಬಂತೇ ಹೊರತು ಒಬ್ಬ ಮನುಷ್ಯನೂ ಕಣ್ಣಿಗೆ ಬೀಳಲಿಲ್ಲ. ಆಮೇಲೊಂದು ದಿನ ಕನ್ನಡ ಕೂಟದವರ ನಾಟಕ. ನಾಟಕ ಹೇಗಿತ್ತು ಅಂತ ನಾನು ಹೇಳುವುದಿಲ್ಲ, ಅವರ ಮನೆಯ ಉಪ್ಪು ತಿಂದಿದ್ದೇನೆ. ಆದರೆ ಹಿಂದಿನ ಪರದೆ! ಹಂಪಿಯ ಬಂಡೆಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು, ಕೈಯಿಟ್ಟರೆ ಸುಡುತ್ತದೇನೋ ಅನ್ನಿಸುವಂತೆ. ಯಾರು ಬರೆದದ್ದು ಎಂದು ಕೇಳಿದೆ. ಗುರುರಾಜ ಸುತ್ತ ನೋಡಿದರು. "ಅವ್ರಾ? ಯಾವ್ದೋ ಪ್ರಿಂಟಿಂಗ್ ಪ್ರೆಸ್ಸಲ್ಲಿ ವರ್ಕ್ ಮಾಡ್ತಾರೆ ಅತ್ಗೆ. ಪ್ರತಿ ಸಲ ಕರೀತೀವಿ, ಬಂದು ಬರ್ದು ಕೊಡ್ತಾರೆ. ವೆರಿ ಕ್ವಯಟ್ ಫೆಲೋ," ಅಂದರು. ಎಲ್ಲರೂ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದರು. ಆ ಕ್ವಯಟ್ ಫೆಲೋ ಒಬ್ಬರೇ ವೇದಿಕೆಯ ಮೇಲೆ ಮಂಡಿಯೂರಿ ಪರದೆ ಸುತ್ತುತ್ತಿದ್ದರು. ಬನ್ನಿ ಊಟಕ್ಕೆ ಅಂತ ನಾನೇ ಹೋಗಿ ಕರೆದೆ. ಅಲ್ಲಿಂದ ಶುರುವಾದ ಮಾತು ಇನ್ನೂ ನಿಂತಿಲ್ಲ. ಮೌನಿಯಂತೆ! ಇವರನ್ನು ಯಾರೂ ಮಾತಾಡಿಸಿಯೇ ಇಲ್ಲ ಅಷ್ಟೆ.

ಕೆಲಸ ಏನೆಂದು ಕೇಳಿದರೆ ಅವರು ನಗುತ್ತಾರೆ. "ತೂತು ಮುಚ್ಚೂದ್ರಿ" ಎನ್ನುತ್ತಾರೆ. ನಿಜಕ್ಕೂ ಅದೇ. ಬಣ್ಣದ ಪುಸ್ತಕ ಅಚ್ಚಾಗಬೇಕಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ದೊಡ್ಡ ಫಿಲ್ಮು ತೆಗೆಯುತ್ತಾರೆ. ಫಿಲ್ಮಿನಲ್ಲಿ ಎಲ್ಲ ತಿರುಗಾಮುರುಗಾ. ಅಚ್ಚಾಗಬೇಕಾದ ಜಾಗ ಬೆಳಕು ಬಿಡುತ್ತದೆ, ಅಚ್ಚಾಗಬಾರದ ಜಾಗ ಕಪ್ಪಗಿರುತ್ತದೆ. ಫೋಟೋ ತೆಗೆಯುವಾಗ ಎಲ್ಲಾದರೂ ಒಂದು ಧೂಳಿನ ಕಣ ಕೂತಿತೋ, ಆ ಕಪ್ಪಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಹಾಗೇ ಬಿಟ್ಟರೆ ಪುಸ್ತಕದ ತುಂಬ ಬೇಡದ ಚುಕ್ಕೆ. ಅದಕ್ಕೇ ಫಿಲ್ಮನ್ನು ದೀಪದ ಗಾಜಿನ ಮೇಲೆ ಹರಡಿ, ಒಂದೊಂದೇ ತೂತು ಹುಡುಕಿ, ಸಣ್ಣ ಕುಂಚದಿಂದ ಕೆಂಪು ಬಣ್ಣ ಹಚ್ಚಿ ಮುಚ್ಚಬೇಕು. ಆ ಬಣ್ಣಕ್ಕೆ ಓಪೇಕ್ ಎನ್ನುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಫಿಲ್ಮು ಬರುತ್ತವೆ. ಒಂದೊಂದರಲ್ಲಿ ನೂರಾರು ತೂತು. ಕಾರಿನ ಕ್ಯಾಟಲಾಗು, ಬಟ್ಟೆ ಅಂಗಡಿಯ ಜಾಹೀರಾತು, ಅಡುಗೆ ಪುಸ್ತಕ, ಯಾವುದೇ ಇರಲಿ, ಈ ಬೆಂಚಿನ ಮೇಲೆ ಮಲಗಿ ಎದ್ದೇ ಹೋಗಬೇಕು. ಓದುವವರಿಗೆ ಇವರಿದ್ದಾರೆಂದು ಗೊತ್ತಾಗುವುದು ಇವರು ಕೆಲಸ ಮಾಡದೆ ಇದ್ದರೆ ಮಾತ್ರ.

ಗದಗ-ಬೆಟಗೇರಿಯಲ್ಲಿ ಇವರ ಅಪ್ಪ ಕಲ್ಲಚ್ಚಿನ ಕಲಾವಿದರು. ನುಣುಪಾದ ಕಲ್ಲಿನ ಮೇಲೆ ಚಿತ್ರವನ್ನು ಉಲ್ಟಾ ಬರೆದು ಅಚ್ಚು ಹಾಕುವ ಕಾಲ ಅದು. ಊದುಬತ್ತಿಯ ಚೀಟಿ, ಬೀಡಿಕಟ್ಟಿನ ಚೀಟಿ, ಗೋಡೆ ಕ್ಯಾಲೆಂಡರಿನ ಲಕ್ಷ್ಮಿ. ಹುಡುಗ ಅಮರೇಶ್ವರ ಲಕ್ಷ್ಮಿಯ ಕೈಬಳೆಗಳನ್ನು ಬರೆಯುತ್ತ ಕೆಲಸ ಕಲಿತರು. ಕಲ್ಲು ಹೋಗಿ ಆಫ್‌ಸೆಟ್ ಬಂದಾಗ ಮುಂಬೈಗೆ ಹೋದರು. ಅಲ್ಲೇ ಮದುವೆ, ಅಲ್ಲೇ ಗಿರಗಾಂವಿನ ಒಂದು ಕೋಣೆಯ ಸಂಸಾರ. ಹೆಂಡತಿ ಶೈಲಮ್ಮ ಹಾಡುತ್ತ ರೊಟ್ಟಿ ಬಡಿಯುತ್ತಿದ್ದರಂತೆ, ಪಕ್ಕದ ಕೋಣೆಯವರು ಗೋಡೆ ಗುದ್ದುತ್ತಿದ್ದರಂತೆ. ಮಕ್ಕಳಾಗಲಿಲ್ಲ. ಕಾಮಾಲೆಯಲ್ಲಿ ಶೈಲಮ್ಮ ಹೋದ ಮೇಲೆ ಆ ಕೋಣೆಯಲ್ಲಿ ಇರಲಾಗಲಿಲ್ಲ. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಪ್ರೆಸ್ಸು ಹಾಕುತ್ತೇನೆಂದ ಗುಜರಾತಿಯೊಬ್ಬರು ಕೈಕೆಲಸ ಬಲ್ಲವರನ್ನು ಹುಡುಕುತ್ತಿದ್ದರು. ಹೊರಟುಬಿಟ್ಟರು.

"ಎಲ್ಲಿಗೆ ಹೊಂಟೀನಿ ಅಂತ ನಾ ನೋಡಲೇ ಇಲ್ರಿ. ಎಲ್ಲಿಂದ ಹೊಂಟೀನಿ ಅನ್ನೂದಷ್ಟ ಗೊತ್ತಿತ್ತು," ಎನ್ನುತ್ತಾರೆ.

ಆ ಪ್ರೆಸ್ಸು ಎರಡು ಚಳಿಗಾಲ ತಡೆಯಲಿಲ್ಲ. ಅಲ್ಲಿಂದ ಸ್ಯಾಂಡ್ಲರ್ ಇವರನ್ನು ಕರೆದುಕೊಂಡರು. ವಾಸ ಜೆರ್ಸಿ ಸಿಟಿಯಲ್ಲಿ, ಲಾಂಡ್ರಿಯೊಂದರ ಮೇಲಿನ ಕೋಣೆ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಕೈಚಾಚಿದರೆ ಸಿಕ್ಕೀತು. ಬೆಳಿಗ್ಗೆ ಕತ್ತಲಲ್ಲೇ ಬಸ್ಸು ಹತ್ತುತ್ತಾರೆ. ಕೆಲಸದವರಲ್ಲಿ ಇಟಲಿಯವರಿದ್ದಾರೆ, ಪೋರ್ಟೊರಿಕೋದವರಿದ್ದಾರೆ, ಅವರವರ ಮಾತು ಅವರವರಿಗೆ. ಮಧ್ಯಾಹ್ನ ಎಲ್ಲರೂ ಕೆಳಗಿನ ಅಂಗಡಿಗೆ ಹೋದಾಗ ಇವರು ಮೇಜಿನ ದೀಪ ಆರಿಸಿ ಅದೇ ಗಾಜಿನ ಮೇಲೆ ಡಬ್ಬಿ ಬಿಚ್ಚುತ್ತಾರೆ. ಒಬ್ಬರೇ ತಿನ್ನುವುದು ಬೇಸರವಲ್ಲವೇ ಎಂದೆ. ನನ್ನ ಪ್ರಶ್ನೆಗೆ ನನಗೇ ನಾಚಿಕೆಯಾಯಿತು. ಅವರು ಸುತ್ತಿಬಳಸಲಿಲ್ಲ. "ಬ್ಯಾಸರ ಅಂದ್ರ ಬ್ಯಾಸರ್ರಿ. ಎಷ್ಟೋ ದಿನ ಆ ಧೂಳಿನ ಜೋಡೀನ ಮಾತಾಡ್ತೀನಿ. ಅದರ ಜೋಡಿ ಕನ್ನಡ ಮಾತಾಡಿದ್ರ ಯಾರೂ ಏನೂ ಅನ್ನೂದಿಲ್ಲ ನೋಡ್ರಿ," ಎಂದರು.

ಇನ್ನು ಆ ಪುಸ್ತಕ. ಯಹೂದಿಗಳಲ್ಲಿ ಸುಕ್ಕೋತ್ ಎಂಬ ಹಬ್ಬವಿದೆ. ಮಳೆಗಾಲ ಮುಗಿದು ಚಳಿ ಇನ್ನೂ ಬಾರದ ಹೊತ್ತಿಗೆ ಬರುತ್ತದೆ. ಅವರ ಹಿರಿಯರು ಮರಳುಗಾಡಿನಲ್ಲಿ ಅಲೆದಾಡಿ ಗುಡಿಸಲುಗಳಲ್ಲಿ ಬದುಕಿದ್ದರ ನೆನಪಿಗೆ ಹಿತ್ತಿಲಲ್ಲಿ ಒಂದು ಗುಡಿಸಲು ಕಟ್ಟಿ, ಮೇಲೆ ಸೊಪ್ಪುಸದೆ ಹೊದಿಸಿ, ಒಂದು ವಾರ ಅದರೊಳಗೇ ಊಟ. ನಮ್ಮ ಮದುವೆ ಮನೆಯ ಚಪ್ಪರ ಅಂತಿಟ್ಟುಕೊಳ್ಳಿ. ಮ್ಯಾನ್‌ಹಟನ್ನಿನ ಮಿಸೆಸ್ ರೋಸೆನ್ ಎಂಬ ನಿವೃತ್ತ ಶಾಲಾ ಟೀಚರು ಈ ಹಬ್ಬದ ಮೇಲೆ ಪುಟ್ಟ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಬರೆದಿದ್ದಾರೆ. ಅದರ ಕೊನೆಯ ಚಿತ್ರವೇ ಪುಸ್ತಕದ ಜೀವ. ಊಟ ಮುಗಿದಿದೆ. ಅಪ್ಪನ ತೊಡೆಯ ಮೇಲೆ ತಲೆಯಿಟ್ಟ ಹುಡುಗಿ ಚಪ್ಪರದ ಸಂದಿಯಿಂದ ಮೇಲೆ ನೋಡುತ್ತಾಳೆ, ಬೆರಳು ಮಾಡಿ ತೋರಿಸುತ್ತಾಳೆ. ಎಲೆಗಳ ನಡುವೆ ಹಳದಿ ನಕ್ಷತ್ರಗಳು.

ಆ ನಕ್ಷತ್ರಗಳನ್ನೇ ಅಮರೇಶ್ವರರು ಮುಚ್ಚಿಬಿಟ್ಟರು.

ಅವರ ಬೆಂಚಿಗೆ ಬಂದದ್ದು ಬಣ್ಣದ ಚಿತ್ರವಲ್ಲ. ಹಳದಿಯದೊಂದು ಫಿಲ್ಮು, ನೀಲಿಯದೊಂದು. ಹಳದಿಯ ಫಿಲ್ಮಿನ ಕಪ್ಪಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಧೂಳಿನ ತೂತಿಗೂ ನಕ್ಷತ್ರದ ತೂತಿಗೂ ಅಲ್ಲಿ ವ್ಯತ್ಯಾಸವೇ ಇಲ್ಲ. ಇವರು ಒಂದನ್ನೂ ಬಿಡದೆ ಮುಚ್ಚಿದರು. ನೀಲಿಯ ಫಿಲ್ಮಿನಲ್ಲಿ ಆಕಾಶದ ನಡುವೆ ನಕ್ಷತ್ರಗಳಿಗೆಂದು ಬಿಟ್ಟ ಕಪ್ಪು ಚುಕ್ಕೆಗಳಿದ್ದವು. ಅವನ್ನೂ ಕಸವೆಂದು ಚಾಕುವಿನ ಮೊನೆಯಿಂದ ಕೆರೆದು ಹಾಕಿದರು. ಒಂದು ಕಡೆ ಮಾತ್ರ ಆಗಿದ್ದರೆ ಕಣ್ತಪ್ಪು ಎನ್ನಬಹುದಿತ್ತು. ಎರಡೂ ಕಡೆ ಆದ್ದರಿಂದ ಶ್ರದ್ಧೆ ಎನ್ನದೆ ಗತಿಯಿಲ್ಲ.

"ಎರಡೂ ಫಿಲ್ಮಿನಾಗ ಒಂದ ಜಾಗಾದಾಗ ಚುಕ್ಕಿ ಅದಾವಂದ್ರ ನನಗ ಹೊಳೀಬೇಕಿತ್ರಿ. ಹೊಳೀಲಿಲ್ಲ. ಯಾಕಂದ್ರ ಚಿತ್ರ ನೋಡಿ ನನಗ ಬ್ಯಾರೇನ ವಿಚಾರ ಬಂದಿತ್ತು. ಅಲ್ಲಾ, ಹಬ್ಬದ ಹಂದರ ಹಾಕ್ಯಾರ, ಮ್ಯಾಲೆ ಇಷ್ಟು ಸಂದಿ ಬಿಟ್ಟಾರಲ್ಲ, ನಾಕು ಹನಿ ಬಿದ್ರ ಮಂದಿ ಊಟದ ಎಲಿ ಬಿಟ್ಟು ಏಳ್ತಾರಲ್ಲ ಅಂತ. ಹಂದರ ಹಾಕೂದಂದ್ರ ಬೆಳಕಿನ ಕೋಲು ಒಳಗ ಬರಬಾರದು, ಹಂಗ ಹೊಚ್ಚಬೇಕು. ನಮ್ಮ ಕಡೆ ಹಂಗ ಹೊಚ್ಚಿದವಗ ಶಾಬಾಸ್ ಅಂತಾರ. ಒಂದೊಂದು ತೂತು ಮುಚ್ಚಿದಂಗೂ ನನಗ ಸಮಾಧಾನ ಆಗ್ತಿತ್ರಿ."

ಎಲ್ಲೋ ಇರುವ ಮಂದಿಯ ಹಬ್ಬದ ಚಪ್ಪರ ಸೋರದಿರಲಿ ಎಂದು ಈ ಮನುಷ್ಯ ಒಂದು ಇಡೀ ಬೆಳಿಗ್ಗೆ ಕೂತು ಹೊದಿಸಿದ್ದಾರೆ! ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಆಮೇಲೆ ಕರಡಚ್ಚಿನ ಹಾಳೆ ಪ್ರಕಾಶಕರ ಕಡೆಯ ಒಬ್ಬ ಹುಡುಗಿಗೆ ಹೋಯಿತು, ಅವಳೂ ಒಪ್ಪಿ ಕಳಿಸಿದಳು. ಆ ಪುಟಗಳ ಹಾಳೆಯೆಲ್ಲ ಅಚ್ಚಾಯಿತು. ಮಡಿಸಿದ ಒಂದು ಪ್ರತಿ ಮಿಸೆಸ್ ರೋಸೆನ್ ಕೈ ಸೇರಿತು. ಹುಡುಗಿ ಬೆರಳು ಮಾಡಿ ತೋರಿಸುತ್ತಿದ್ದಾಳೆ, ಮೇಲೆ ಬರೀ ಎಲೆ, ನಡುವೆ ಖಾಲಿ ನೀಲಿ. ಕೆಳಗೆ "ನೋಡು ಅಪ್ಪಾ, ಎಷ್ಟೊಂದು!" ಎಂಬ ಮಾತು.

ಇಷ್ಟಕ್ಕೆ ಕೆಲಸ ಹೋಗುತ್ತದೆಯೇ? ಹೋಗುತ್ತದೆ. ಹಾಳೆಗಳನ್ನು ಮತ್ತೆ ಅಚ್ಚು ಹಾಕುವ ನಷ್ಟ ಒಂದು ಕಡೆ ಇರಲಿ. ಬಣ್ಣಗಳನ್ನು ತಾನೇ ಬೇರೆ ಮಾಡಿ, ಫಿಲ್ಮನ್ನೂ ತೊಳೆದಿಟ್ಟಂತೆ ಕೊಡುವ ಯಂತ್ರಗಳು ದೊಡ್ಡ ಪ್ರೆಸ್ಸುಗಳಿಗೆ ಬಂದಾಗಿದೆ. ಕೈಕೆಲಸದವರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸುತ್ತಿದ್ದಾರೆ. ಈ ಕೋಣೆಯಲ್ಲೇ ಮುಂಚೆ ಸಾಲಾಗಿ ಮೇಜುಗಳಿದ್ದವಂತೆ, ಈಗ ಉಳಿದದ್ದು ಇವರದೊಂದೇ. ಇಲ್ಲಿಂದ ಎದ್ದರೆ ಈ ವಯಸ್ಸಿನಲ್ಲಿ ಇನ್ನೊಂದು ಕಡೆ ಕುಂಚ ಹಿಡಿಯುವ ಮಾತಿಲ್ಲ. ಗೋದಾಮಿನಲ್ಲಿ ಡಬ್ಬ ಎತ್ತಬೇಕು. ಗದಗಿಗೆ ಹೋಗಬಹುದಲ್ಲ ಎಂದೆ. ಯಾರ ಮನೆಗೆ ಎಂದು ಅವರು ಕೇಳಿದರು.

ಹತ್ತಕ್ಕೆ ಸರಿಯಾಗಿ ಮಿಸೆಸ್ ರೋಸೆನ್ ಬರುತ್ತಾರೆ. ಕುಳ್ಳಗೆ, ತೆಳ್ಳಗೆ, ಕೈಯಲ್ಲಿ ಕೋಲು, ತಲೆಗೆ ಹ್ಯಾಟು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದಾರೆ, ಆದರೆ ಕುರ್ಚಿ ಕೊಟ್ಟರೆ ಬೇಡವೆನ್ನುತ್ತಾರೆ. ಸ್ಯಾಂಡ್ಲರ್ ಚಿಕ್ಕವರಿದ್ದಾಗ ಇವರ ಕ್ಲಾಸಿನಲ್ಲಿ ಕೂತಿದ್ದವರಂತೆ. ಹೊಟ್ಟೆ ಬೆಳೆದ, ತಲೆ ಬೋಳಾದ ಆ ಮಾಲೀಕ ಟೀಚರ ಮುಂದೆ ಕೈಕಟ್ಟಿ ನಿಂತ ಭಂಗಿ ನೋಡಿ ನನಗೆ ನಮ್ಮ ಬಸವನಗುಡಿಯ ಶಾಲೆ ನೆನಪಾಗುತ್ತದೆ. ಅಮರೇಶ್ವರರು ಎದ್ದು ನಿಂತಿದ್ದಾರೆ. ಬಾಯಿಗೆ ಇಂಗ್ಲಿಷು ಒಂದಕ್ಷರ ಬರುತ್ತಿಲ್ಲ. ಅವರ ಪರವಾಗಿ ನಾನು ಬಾಯಿ ಹಾಕುತ್ತೇನೆ. ಹಂದರದ ಕತೆ, ಊಟದ ಎಲೆಯ ಕತೆ, ಎಲ್ಲ ಹೇಳುತ್ತೇನೆ.

ಮುದುಕಿ ಕೋಲಿನ ಮೇಲೆ ಭಾರ ಬಿಟ್ಟು ಕೇಳಿಸಿಕೊಳ್ಳುತ್ತಾರೆ. ನಗುವುದಿಲ್ಲ. ಮೊದಲು ಹೇಳುವುದು, ಈ ಪುಸ್ತಕ ಹೀಗೆ ಹೊರಗೆ ಹೋಗಕೂಡದು ಎಂದು. ಸ್ಯಾಂಡ್ಲರ್ ತಲೆ ತಗ್ಗಿಸುತ್ತಾರೆ. ಆಮೇಲೆ ಆಕೆ ಅಮರೇಶ್ವರರ ಕಡೆ ತಿರುಗಿ, ಕ್ಲಾಸಿನಲ್ಲಿ ಹೇಳುವಷ್ಟು ನಿಧಾನವಾಗಿ ಹೇಳುತ್ತಾರೆ. ಆ ಗುಡಿಸಲು ಸೋರಬೇಕು. ಮಳೆ ಬಂದರೆ ನೆನೆಯಬೇಕು. ಅದು ಗಟ್ಟಿ ಮನೆಯಲ್ಲ ಎಂಬುದನ್ನು ನೆನಪಿಡಲಿಕ್ಕೇ ಅಲ್ಲಿ ಕೂರುವುದು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು ನಿಜ, ಆದರೆ ಸಂದಿಯಲ್ಲಿ ನಕ್ಷತ್ರ ಕಾಣಲೇಬೇಕು. ಆಕೆಯ ಅಪ್ಪ ಹೊಲಿಗೆ ಕೆಲಸದವರು. ಹಿತ್ತಿಲೆಂಬುದಿಲ್ಲದ ಕಟ್ಟಡಗಳ ನಡುವಿನ ಇಕ್ಕಟ್ಟಿನ ಅಂಗಳದಲ್ಲಿ ಹಳೆಯ ಬಾಗಿಲುಗಳನ್ನು ನಿಲ್ಲಿಸಿ ಗುಡಿಸಲು ಕಟ್ಟುತ್ತಿದ್ದರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಕಾಣುತ್ತದೆಯೇ ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಒಂದು ಕೊಂಬೆ ಎಳೆದು ಬಿಸಾಕುತ್ತಿದ್ದರು. ಇಷ್ಟು ಹೇಳಿ ಆಕೆ ಕುರ್ಚಿಯಲ್ಲಿ ಕೂರುತ್ತಾರೆ. ಸರಿಪಡಿಸಲು ಬರುತ್ತದೆಯೇ ಎಂಬುದು ಅವರ ಪ್ರಶ್ನೆ.

ಓಪೇಕ್ ನೀರಿಗೆ ಬಿಡುವ ಬಣ್ಣ. ಅಮರೇಶ್ವರರು ಹಳದಿಯ ಫಿಲ್ಮನ್ನು ತಂದು ಗಾಜಿನ ಮೇಲೆ ಹಾಸುತ್ತಾರೆ. ಹತ್ತಿ ಒದ್ದೆ ಮಾಡಿ ಚಪ್ಪರದ ಮೇಲೆ ಮೆಲ್ಲಗೆ ಆಡಿಸುತ್ತಾರೆ. ಕೆಂಪು ಕರಗಿ ಹತ್ತಿಗೆ ಬರುತ್ತದೆ. ಕೆಳಗಿನ ದೀಪ ಮೇಲೆ ಹಾಯುತ್ತದೆ. ಒಂದು, ಎರಡು, ಹತ್ತು, ಆಮೇಲೆ ಲೆಕ್ಕವಿಲ್ಲ. ಕಪ್ಪಿನ ತುಂಬ ಬೆಳಕಿನ ಚುಕ್ಕಿ. ಮುದುಕಿ ಎದ್ದು ಬಂದು ಬಗ್ಗುತ್ತಾರೆ. ಸ್ಯಾಂಡ್ಲರ್ ಕೂಡ ಬಗ್ಗುತ್ತಾರೆ. ಆಗ ಎಲ್ಲರಿಗೂ ಗೊತ್ತಾಗುತ್ತದೆ, ಕೆಲಸ ಕೆಟ್ಟಿದೆ. ನಕ್ಷತ್ರಗಳೊಂದಿಗೆ ಧೂಳೂ ವಾಪಸು ಬಂದಿದೆ. ಯಾವುದು ನಕ್ಷತ್ರ, ಯಾವುದು ಧೂಳು, ಹೇಳಬಲ್ಲವರು ಯಾರೂ ಇಲ್ಲ. ನೀಲಿಯ ಫಿಲ್ಮಿನ ಜೊತೆ ಹೊಂದಿಸಿ ನೋಡೋಣವೆಂದರೆ ಅಲ್ಲಿ ಕೆರೆದಾಗಿದೆ. ಚಿತ್ರ ಬರೆದ ಹುಡುಗ ಮೂಲಚಿತ್ರಗಳನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾನೆ, ವಿಳಾಸ ಯಾರ ಬಳಿಯೂ ಇಲ್ಲ. ಹಬ್ಬದೊಳಗೆ ಪುಸ್ತಕ ಅಂಗಡಿ ಸೇರಬೇಕಾದರೆ ಹಾಳೆ ಈ ವಾರವೇ ಅಚ್ಚಾಗಬೇಕು.

ಸ್ಯಾಂಡ್ಲರ್ ಜೋರಾಗಿ ಉಸಿರು ಬಿಡುತ್ತಾರೆ. ಮುಗಿಯಿತು ಅಂದುಕೊಳ್ಳುತ್ತೇನೆ.

ಅಮರೇಶ್ವರರು ಮಾತ್ರ ಫಿಲ್ಮಿನಿಂದ ಕಣ್ಣು ತೆಗೆದಿಲ್ಲ. ಬಲಗೈ ಕುಂಚ ಹುಡುಕುತ್ತಿದೆ. ನನ್ನ ಕಡೆ ತಿರುಗದೆಯೇ ಮಾತಾಡುತ್ತಾರೆ, ಕನ್ನಡದಲ್ಲಿ. "ಅಕ್ಕಾರ, ಅವರಿಗೆ ಕೇಳ್ರಿ. ಇದರಾಗ ನನಗ ಗೊತ್ತಿರೋ ಚಿಕ್ಕಿ ಅಷ್ಟ ಬಿಟ್ಟು ಉಳಿದದ್ದೆಲ್ಲ ಮುಚ್ಚಲೇನು ಅಂತ."

ಗೊತ್ತಿರೋ ಚಿಕ್ಕಿ ಎಂದರೆ? ಕೇಳಿದರೆ ಫಿಲ್ಮು ನೋಡುತ್ತಲೇ ಹೇಳುತ್ತಾರೆ. ಬೆಟಗೇರಿಯ ಅವರ ಮನೆಗೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಮಲಗುತ್ತಿದ್ದರು. ಚಳಿಗಾಲದಲ್ಲಿ ಒಳಗೆ, ಛಾವಣಿಯ ಬೆಳಕಿಂಡಿಯ ಕೆಳಗೆ. ಬೆಳಕಿಗೆಂದು ಬಿಟ್ಟ ಆ ತೂತಿನಲ್ಲಿ ಒಂದಿಷ್ಟು ಆಕಾಶ, ಅದರಲ್ಲಿ ಹಾದುಹೋಗುವ ಚಿಕ್ಕಿಗಳು. ಬಿತ್ತುವ ಕೂರಿಗೆಯಲ್ಲಿ ಬೀಜ ಇಳಿಯುವ ತಾಳುಗಳ ಹಾಗೆ ಸಾಲಾಗಿ ಮೂರು ಇವೆಯಲ್ಲ, ಅದು ಕೂರಿಗಿ ಚಿಕ್ಕಿ. ಅದು ಬೆಳಕಿಂಡಿ ದಾಟುವವರೆಗೆ ಅಮರೇಶ್ವರ ನಿದ್ದೆ ಮಾಡುತ್ತಿರಲಿಲ್ಲ. ನಾನು ಮಿಸೆಸ್ ರೋಸೆನ್ನರಿಗೆ ಇದನ್ನೆಲ್ಲ ನನ್ನ ಬೆಂಗಳೂರು ಇಂಗ್ಲಿಷಿನಲ್ಲಿ ಒಪ್ಪಿಸುತ್ತೇನೆ. ನೆರಳು ಹೆಚ್ಚಿರಬೇಕು, ಅದನ್ನು ಮರೆಯಬೇಡ ಎನ್ನುತ್ತಾರೆ ಆಕೆ. ಅಷ್ಟೇ.

ಆಮೇಲಿನ ಹೊತ್ತನ್ನು ಬರೆಯುವುದು ಕಷ್ಟ, ಏಕೆಂದರೆ ಏನೂ ಆಗುವುದಿಲ್ಲ. ಒಬ್ಬ ಮನುಷ್ಯ ಬಗ್ಗಿ ಕೂತು ಬೆಳಕಿನ ಚುಕ್ಕಿಗಳನ್ನು ಒಂದೊಂದಾಗಿ ಮುಚ್ಚುತ್ತಾರೆ. ಕೆಲವನ್ನು ಬಿಡುತ್ತಾರೆ. ಬಿಡುವ ಮುನ್ನ ಕುಂಚವನ್ನು ಮೇಲೆತ್ತಿ, ತಲೆ ಓರೆ ಮಾಡಿ ನೋಡುತ್ತಾರೆ. ಕೆಳಗೆ ಟ್ರಕ್ಕುಗಳು ಓಡಾಡುತ್ತಿವೆ, ಧೂಳು ಬರುತ್ತಿರಬೇಕು, ಇವತ್ತು ಅದನ್ನು ಬಯ್ಯುವವರಿಲ್ಲ. ಕೊನೆಗೆ ಎಲೆಗಳ ಸಂದಿಯಲ್ಲಿ ಬೆರಳೆಣಿಕೆಯಷ್ಟು ಉಳಿಯುತ್ತವೆ. ನಡುವೆ ಸಾಲಾಗಿ ಮೂರು. ನೀಲಿಯ ಫಿಲ್ಮನ್ನು ಅದರ ಮೇಲಿಟ್ಟು ಅದೇ ಜಾಗಗಳಿಗೆ ಬಣ್ಣದ ಚುಕ್ಕಿ ಇಡುತ್ತಾರೆ. ಅವುಗಳಲ್ಲಿ ಎಷ್ಟು ಆ ಹುಡುಗ ಬರೆದ ನಕ್ಷತ್ರ, ಎಷ್ಟು ಹೊಬೋಕನ್ನಿನ ಧೂಳು, ದೇವರೇ ಬಲ್ಲ.

"ಖರೇ ಹೇಳಬೇಕಂದ್ರ ಅವರ ಹಬ್ಬದಾಗ ಊಟದ ಹೊತ್ತಿಗೆ ಕೂರಿಗಿ ಇನ್ನೂ ಎದ್ದಿರೂದಿಲ್ರಿ," ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. "ಮಕ್ಕಳ ಪುಸ್ತಕದಾಗ ಏಳಲಿ ಬಿಡ್ರಿ."

ಅಚ್ಚಿನ ಪ್ಲೇಟು ಮಾಡಲು ಫಿಲ್ಮುಗಳು ಒಳಗೆ ಹೋಗುತ್ತವೆ. ಎರಡನೆಯ ಮಹಡಿಯಲ್ಲಿ ಯಂತ್ರ ಸಿದ್ಧವಾಗುತ್ತಿದೆ. ಸ್ಯಾಂಡ್ಲರ್ ಅಮರೇಶ್ವರರ ಮೇಜಿನ ಬಳಿ ಬಂದು ನಿಲ್ಲುತ್ತಾರೆ. ಬೈಗುಳ ಬರುತ್ತದೆಯೆಂದು ನಾನು ಕಾಯುತ್ತೇನೆ, ಅಥವಾ ಆ "ಮಾತಾಡೋಣ". ಅವರು ಕಂಕುಳಲ್ಲಿದ್ದ ದೊಡ್ಡ ಲಕೋಟೆಯನ್ನು ಗಾಜಿನ ಮೇಲೆ ಇಡುತ್ತಾರೆ. ಯಾವುದೋ ಬೂಟಿನ ಅಂಗಡಿಯ ಕ್ಯಾಟಲಾಗು, ಹೊಸ ಫಿಲ್ಮು. ಗುರುವಾರದೊಳಗೆ ಬೇಕು ಎಂದು ಹೇಳಿ, ಇನ್ನು ಮುಂದೆ ಅನುಮಾನ ಬಂದರೆ ಮುಚ್ಚುವ ಮೊದಲು ಕೇಳು ಎಂದೂ ಸೇರಿಸಿ, ಕೆಳಗಿಳಿದು ಹೋಗುತ್ತಾರೆ. ಅಮರೇಶ್ವರರು ಲಕೋಟೆಯ ಮೇಲೆ ಎರಡೂ ಕೈ ಊರಿ ಸ್ವಲ್ಪ ಹೊತ್ತು ನಿಂತೇ ಇರುತ್ತಾರೆ. ಕಣ್ಣು ಒದ್ದೆಯಾಗಿದೆ. ನನ್ನದೂ ಆಗಿದೆ, ಮುಚ್ಚಿಡುವುದೇಕೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೊದಲ ಹಾಳೆ ಮೇಲೆ ಬರುತ್ತದೆ, ಮಸಿ ಇನ್ನೂ ಹಸಿ. ಅಪ್ಪ, ಮಗಳು, ಚಾಚಿದ ಬೆರಳು, ಸಂದಿಯಲ್ಲಿ ಹಳದಿ ಚಿಕ್ಕಿಗಳು. ಮಿಸೆಸ್ ರೋಸೆನ್ ಕನ್ನಡಕ ಏರಿಸಿ ತುಂಬ ಹೊತ್ತು ನೋಡುತ್ತಾರೆ. ಪುಸ್ತಕದಲ್ಲಿ ಅಮರೇಶ್ವರರ ಹೆಸರು ಹಾಕಿಸಲೇ ಎಂದು ಕೇಳುತ್ತಾರೆ. ಬೇಡವೆಂದು ಇವರು ಎರಡೂ ಕೈ ಆಡಿಸುತ್ತಾರೆ. ಅಳಿಸುವವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲವಂತೆ. ಆಗ ಟೀಚರು ಇನ್ನೊಂದು ಕೇಳುತ್ತಾರೆ. ಲೈಬ್ರರಿಗಳಲ್ಲಿ ಕೂತು ಮಕ್ಕಳಿಗೆ ಈ ಪುಸ್ತಕ ಓದಿ ಹೇಳುವುದು ಅವರ ರೂಢಿ. ಯಾವುದಾದರೂ ಮಗು ಈ ಮೂರು ಸಾಲಾಗಿರುವುದು ಏನೆಂದು ಕೇಳೇ ಕೇಳುತ್ತದೆ. ಏನೆಂದು ಹೇಳಲಿ?

ಅಮರೇಶ್ವರರು ನನ್ನ ಮುಖ ನೋಡುತ್ತಾರೆ, ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು. ನನಗೆ ಗೊತ್ತು, ಆದರೆ ನೀವೇ ಹೇಳಿ ಎಂದು ಸನ್ನೆ ಮಾಡುತ್ತೇನೆ. ಅವರೇ ಹೇಳುತ್ತಾರೆ, ಮೆಲ್ಲಗೆ. "ಕೂರಿಗಿ."

ಮುದುಕಿ ಹೇಳಿ ನೋಡುತ್ತಾರೆ. ಸರಿಯಾಗುವುದಿಲ್ಲ. ಅಮರೇಶ್ವರರು ತಲೆಯಾಡಿಸಿ ಇನ್ನೊಮ್ಮೆ ಹೇಳಿಕೊಡುತ್ತಾರೆ. ಆಕೆ ಮತ್ತೆ ಹೇಳುತ್ತಾರೆ, ಇವರು ಮತ್ತೆ ತಿದ್ದುತ್ತಾರೆ. ಇಡೀ ಬದುಕು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವರು ಮಗುವಿನಂತೆ ಹೇಳಿಸಿಕೊಳ್ಳುತ್ತ ನಿಂತಿದ್ದಾರೆ. ಕೋಲೂರಿ ಮೆಟ್ಟಿಲಿಳಿಯುವಾಗಲೂ ಬಾಯಲ್ಲಿ ಅದೇ. ಬಾಗಿಲಲ್ಲಿ ತಿರುಗಿ, ಹಬ್ಬಕ್ಕೆ ಬಾ, ಗುಡಿಸಲಿನಲ್ಲಿ ನಿನಗೆ ಜಾಗವಿದೆ ಎಂದು ಕೂಗಿ ಹೋಗುತ್ತಾರೆ. ಎಲ್ಲಿಗೆ ಬರಬೇಕೆಂದು ಹೇಳಲು ಮರೆಯುತ್ತಾರೆ. ಹೋಗಿ ಕೇಳಿ ಎಂದು ನಾನು ಇವರನ್ನು ದೂಡುತ್ತೇನೆ. ಇವರು ಹೋಗುವುದಿಲ್ಲ. ಬಾಯಿಮಾತಿಗೆ ಕರೆದಿರುತ್ತಾರೆ, ಹಿಂದೆ ಬಿದ್ದು ಕೇಳಿದರೆ ಅವರಿಗೆ ಕಷ್ಟವಾಗುತ್ತದೆ ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವರ ಮೇಲೋ, ಇಷ್ಟು ವರ್ಷ ಬಾಯಿಮಾತಿಗೆ ಕರೆದು ಅಭ್ಯಾಸ ಮಾಡಿಸಿದ ನಮ್ಮವರ ಮೇಲೋ, ಗೊತ್ತಾಗುವುದಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದೇವೆ. ಇನ್ನೇನು ಬೇಕು ನಿಮಗೆ ಎಂದು ಕೇಳುತ್ತೇನೆ. ಇಂಥ ಲೇಖನಗಳ ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಅದು. ಕಣ್ಣು ಚೆನ್ನಾಗಿರಲಿ, ಮೇಜು ಇರಲಿ ಎನ್ನುತ್ತಾರೆ. ಅಷ್ಟರಲ್ಲಿ ಬಸ್ಸು ಬರುತ್ತದೆ. ಒಂದು ಕಾಲು ಮೆಟ್ಟಿಲ ಮೇಲಿಟ್ಟವರು ಏನೋ ನೆನಪಾದಂತೆ ತಿರುಗಿ ನಗುತ್ತಾರೆ.

"ಶೈಲಾ ಹೋದ ಮ್ಯಾಲೆ ಆ ಚಿಕ್ಕಿ ಹೆಸರು ನನ್ನ ಬಾಯಾಗಷ್ಟ ಇತ್ರಿ ಅಕ್ಕಾರ. ಈಗ ಈ ಊರಾಗ ಕೂರಿಗಿ ಅನ್ನಾವ್ರು ಇಬ್ಬರಾದಿವಿ."